ರಸ್ತೆ ಬದಿಯ ಒಂದು ಮಡಿ ಭತ್ತ

ಓಬಣ್ಣನ ಗದ್ದೆಯನ್ನು ಸರ್ಕಾರ ತೆಗೆದುಕೊಂಡಿರಲಿಲ್ಲ. ಈ ಮಾತನ್ನು ಇಲಾಖೆಯವರು ಮೂರು ಪತ್ರಗಳಲ್ಲಿ ಬರೆದು ತಿಳಿಸಿದ್ದರು. ಅರ್ಜಿದಾರರ ಜಮೀನಿನಲ್ಲಿ ಒಂದು ಗುಂಟೆಯನ್ನೂ ರಸ್ತೆಗೆ ಬಳಸಿಲ್ಲ, ಪಹಣಿ ಇಂದಿಗೂ ಅರ್ಜಿದಾರರ ಹೆಸರಿನಲ್ಲೇ ಇದೆ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಮೂರನೆಯ ಪತ್ರ ಬರೆದವರಿಗೆ ಬೇಸರ ಬಂದಿತ್ತೇನೋ, 'ಉದ್ಭವಿಸುವುದೇ ಇಲ್ಲ' ಎಂದಿದ್ದರು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಚ್ಚೊಳ್ಳಿ ಕಡೆಯ ಆ ಎರಡು ಎಕರೆ ಹತ್ತು ಗುಂಟೆ ಇದ್ದಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಅದರ ಪಕ್ಕದ ರಸ್ತೆಯನ್ನು ಆಳೆತ್ತರಕ್ಕೆ ಏರಿಸಿದ್ದರು, ಅಷ್ಟೇ. ಏರಿಸುವಾಗ ಅಡಿಯಲ್ಲಿದ್ದ ಹಳೆಯ ಮೋರಿ ಮಣ್ಣಿನಲ್ಲಿ ಮುಚ್ಚಿಹೋಯಿತು. ಮೇಲಿನ ಗದ್ದೆಗಳ ಬಸಿನೀರು ಆ ಮೋರಿಯಲ್ಲಿ ಹಾದು ಹಳ್ಳ ಸೇರುತ್ತಿತ್ತು; ಈಗ ಓಬಣ್ಣನ ಗದ್ದೆಗೆ ಬಂದು ಅಲ್ಲೇ ಕೂತಿತು. ಕಾಲುವೆ ನಿಂತ ಮೇಲೂ ಅದು ಆರುತ್ತಿರಲಿಲ್ಲ. ಆಪು ಹುಲ್ಲು ಬೆಳೆಯಿತು, ಕೊಕ್ಕರೆಗಳು ಬಂದವು. ಮೋರಿ ಬಿಡಿಸಿಕೊಡಿ ಎಂದರೆ, ರಸ್ತೆಯಾಚೆ ಗೋದಾಮು ಕಟ್ಟಿದ್ದಾರೆ, ನೀರು ಬಿಡಲು ಜಾಗವಿಲ್ಲ ಎಂದರು. ಮೋರಿ ಇಲ್ಲದಿದ್ದರೆ ಬೆಳೆನಷ್ಟ ಕೊಡಿ, ಇಲ್ಲವೇ ಗದ್ದೆಯನ್ನೇ ತೆಗೆದುಕೊಂಡು ಬೆಲೆ ಕೊಡಿ ಎಂದು ಓಬಣ್ಣ ಬಳ್ಳಾರಿಯಲ್ಲಿ ಕೇಸು ಹಾಕಿದ್ದ. ಕೋರ್ಟು ಜಂಟಿ ಸ್ಥಳ ತನಿಖೆಗೆ ಆದೇಶ ಕೊಟ್ಟಿತು. ನಾಲ್ಕು ವರ್ಷದ ಪಹಣಿ ತನ್ನಿ ಎಂದು ವಕೀಲರು ಹೇಳಿದರು.

ಸಿರುಗುಪ್ಪದ ಅಂಚಿನಲ್ಲಿ ಓಬಣ್ಣನದು ಎರಡು ಕೋಣೆಯ ಮನೆ. ಹೆಂಡತಿ ಹಂಪಕ್ಕ ನಾಟಿಯ ಕಾಲಕ್ಕೆ ಹೆಂಗಸರ ಗುಂಪು ಕಟ್ಟಿಕೊಂಡು ಕಂಡವರ ಗದ್ದೆಗೆ ಹೋಗುವವಳು. ಮಗ ಹುಲುಗೇಶ್ ಅಕ್ಕಿ ಗಿರಣಿಯಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದ. ಸೊಸೆ ಹೇಮಾ ಕುರುಗೋಡಿನವಳು. ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ದಿನಕ್ಕೆ ನಲವತ್ತು ಮಂದಿಯ ಪಹಣಿ ತೆಗೆದುಕೊಡುತ್ತಿದ್ದಳು. ತಮ್ಮ ಮನೆಯ ಪಹಣಿ ಮಾತ್ರ ಮದುವೆಯಾದ ಎರಡು ವರ್ಷದಲ್ಲಿ ಒಮ್ಮೆಯೂ ತೆಗೆದಿರಲಿಲ್ಲ. ಕೇಳಿದಾಗಲೆಲ್ಲ ಮಾವ, ನಮ್ಮದು ನನ್ನ ಹತ್ತಿರ ಇದೆ ಎನ್ನುತ್ತಿದ್ದ.

ದಸರೆಗೆ ಹದಿನೈದು ದಿನವಿತ್ತು. ಸಂಜೆ ಹೇಮಾ ಬಂದವಳೇ ನಾಲ್ಕು ಹಾಳೆಗಳನ್ನು ಮಾವನ ಮುಂದೆ ಹಾಸಿದಳು. ಅವನು ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಕೂತಿದ್ದ.

"ಇದೇನ್ ಮಾವ? ನಾಕು ವರ್ಷದಾಗೂ ನೆಲ್ಲು ಅಂತ ಬಂದೈತಿ. ಎರಡು ಎಕರೆ ಹತ್ತು ಗುಂಟಿ, ಭತ್ತ, ನೀರಾವರಿ. ಒಂದ್ ವರ್ಷ ತಪ್ಪಿಲ್ಲ."

"ಹೌದು," ಎಂದ ಓಬಣ್ಣ.

"ಹೌದು ಅಂದ್ರ? ಬೆಳಿ ಹೋತು ಅಂತ ಕೇಸು ಹಾಕೀವಿ. ಸರ್ಕಾರದ ಕಾಗದದಾಗ ಬೆಳಿ ಐತಿ!"

ಹುಲುಗೇಶ್ ಕೈ ತೊಳೆಯುತ್ತಿದ್ದವನು ಹಾಗೇ ಬಂದು ಹಾಳೆ ಎತ್ತಿದ. "ಯಾರ್ ಬರದ್ರು ಇದನ್ನ? ಆ ಹನುಮೇಶ ಏನು? ಬೆಳಿ ಸಮೀಕ್ಷಾ ಮಾಡಾಕ ಬಂದಾವ ನೀರು ಕಾಣ್ಲಿಲ್ಲೇನು ಅವಗ?"

"ಅವನ್ನ ಬೈಬ್ಯಾಡ," ಎಂದಳು ಹಂಪಕ್ಕ ಒಲೆಯ ಕಡೆಯಿಂದ. "ಅವ ನೆಲ್ಲಿಂದs ಫೋಟೋ ಹಿಡದಾನ. ನಾ ನಿಂತೀನಿ ಫೋಟೋದಾಗ."

ರಸ್ತೆಯ ಬದಿಗೆ ಗದ್ದೆಯ ಒಂದು ಮೂಲೆ ಸ್ವಲ್ಪ ಎತ್ತರ. ಅಲ್ಲಿ ಮೊಣಕಾಲುದ್ದ ಬದು ಕಟ್ಟಿ, ನೀರು ತೋಡಿ ಹಾಕಿ, ಗಂಡ ಹೆಂಡತಿ ಪ್ರತಿ ಮುಂಗಾರಿಗೆ ಒಂದು ಮಡಿ ಭತ್ತ ನಾಟಿ ಮಾಡುತ್ತಿದ್ದರು. ಅರ್ಧ ಗುಂಟೆಯೂ ಇಲ್ಲದ ಜಾಗ. ಅರ್ಧ ಚೀಲ ಬರುತ್ತಿತ್ತು. ಅದನ್ನು ಉಣ್ಣುತ್ತಿರಲಿಲ್ಲ, ಬರುವ ವರ್ಷ ನೀರಿಳಿದರೆ ಗದ್ದೆಗೆಲ್ಲ ಬೀಜ ಎಂದು ಗಡಿಗೆಯಲ್ಲಿ ಕಟ್ಟಿಡುತ್ತಿದ್ದರು. ಮನೆಯಲ್ಲಿ ಬೇಯುತ್ತಿದ್ದುದು ರೇಷನ್ ಅಕ್ಕಿ. ಅಪ್ಪ ಅವ್ವನಿಗೆ ಮಣ್ಣಿನ ಹುಚ್ಚು, ಸುಮ್ಮನೆ ಕೂರಲಾಗದು ಎಂದುಕೊಂಡಿದ್ದ ಹುಲುಗೇಶ್. ಸಮೀಕ್ಷೆಯ ಹನುಮೇಶನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಆ ಮೂಲೆಯಲ್ಲೇ ನಿಲ್ಲಿಸುತ್ತಿದ್ದರು ಎಂಬುದು ಅವನಿಗೆ ಇವತ್ತು ಗೊತ್ತಾಯಿತು.

"ಯಾಕಪ್ಪಾ? ಯಾಕ?"

ಓಬಣ್ಣ ಗೋಡೆಯ ಕಡೆ ಬೆರಳು ತೋರಿಸಿದ. ಬಾಬಾಸಾಹೇಬರ ಪಟದ ಪಕ್ಕದಲ್ಲಿ, ಅಷ್ಟೇ ದೊಡ್ಡ ಕಟ್ಟಿನೊಳಗೆ, ಗಾಜಿನ ಹಿಂದೆ ಒಂದು ಹಳದಿ ಕಾಗದವಿತ್ತು. ಓಬಣ್ಣನ ಅಪ್ಪನಿಗೆ ಎಪ್ಪತ್ತೊಂಬತ್ತರಲ್ಲಿ ಜಮೀನು ಮಂಜೂರಾದ ಪತ್ರ. ಯುಗಾದಿಗೆ ಎರಡೂ ಪಟ ಒರೆಸಿ ಹೂ ಏರಿಸುತ್ತಿದ್ದರು.

"ಅದರಾಗ ಐದನೇದು ಓದು. ಮೂರು ವರ್ಷ ಬೀಳು ಬಿಟ್ರ ಗದ್ದಿ ಸರ್ಕಾರಕ್ಕ ವಾಪಸ್ ಹೋಗ್ತತಿ. ನಮ್ಮಪ್ಪಗ ಓದಾಕ ಬರತಿರ್ಲಿಲ್ಲ, ಆದ್ರ ಐದನೇದು ಬಾಯಿಪಾಠ ಇತ್ತು. ಕಾಲುವಿಗೆ ನೀರು ಬರದ ವರ್ಷ ಕೊಡದಾಗ ಹೊತ್ತು ಹಾಕಿ ಒಂದು ಮಡಿ ಎಬ್ಬಿಸಿದ. ಶಾನುಭೋಗರನ್ನ ಕರದು ತೋರಿಸಿದ. ನಮ್ಮ ಓಣ್ಯಾಗ ಬ್ಯಾರೇರಿಗೆ ಬಂದ ಗದ್ದಿ ಈಗ ಎಲ್ಲೆದಾವ? ನಮ್ಮದು ಯಾಕ ಉಳದೈತಿ?"

"ಉಳದೈತಿ, ನೀರಾಗ ಉಳದೈತಿ," ಎಂದ ಹುಲುಗೇಶ್.

"ಲೇ, ನೀರು ಇವತ್ತಲ್ಲ ನಾಳಿ ಇಳೀತತಿ. ಹೆಸರು ಹೋದ್ರ ತಿರುಗಿ ಬರತತೇನ?"

ಆ ಸಂಜೆ ರೊಟ್ಟಿ ಹಾಗೇ ಉಳಿಯಿತು.

ಮರುವಾರ ಓಬಣ್ಣ, ಮಗ, ಸೊಸೆ ಮೂವರೂ ಬಳ್ಳಾರಿಗೆ ಹೋದರು. ಮೂಲಪತ್ರ ಬೇಕು ಎಂದು ವಕೀಲರು ಹೇಳಿದ್ದರಿಂದ ಓಬಣ್ಣ ಪಟವನ್ನೇ ಇಳಿಸಿ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಸ್ಸು ಕುಲುಕಿದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಯಾವ ದೇವರು ಎಂದು ಪಕ್ಕದವರು ಕೇಳಿದರು. ಓಬಣ್ಣ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದ.

ವಕೀಲೆ ಶ್ರೀವಾಣಿಯವರ ಆಫೀಸು ಕಂಟೋನ್ಮೆಂಟಿನಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಮಾತು ಕಡಿಮೆ, ಓದುವುದು ಹೆಚ್ಚು. ಪಹಣಿ ನೋಡಿ ಕನ್ನಡಕ ತೆಗೆದರು.

"ಓಬಣ್ಣನವರೇ, ನಾಲ್ಕು ವರ್ಷವೂ ನೀವು ಬೆಳೆದಿದ್ದೀರಿ. ನಾನು ಕೋರ್ಟಿನಲ್ಲಿ ಏನು ಹೇಳಲಿ?"

ಓಬಣ್ಣ ನೆಲ ನೋಡಿದ. ಹೇಮಾಳಿಗೆ ತಡೆಯಲಾಗಲಿಲ್ಲ.

"ಬೆಳದಿಲ್ಲ ಮೇಡಂ. ರಸ್ತಿ ಬಾಜೂಕ ಒಂದು ಮಡಿ ಹಚ್ಚಿ ಫೋಟೋ ಹಿಡಿಸ್ತಾರ. ನಮ್ಮ ಮಾವನs ಬರಿಸ್ಯಾರ. ಬೀಳು ಅಂತ ಬಂದ್ರ ಗದ್ದಿ ಹೋಗ್ತತಿ ಅಂತ."

"ಯಾರು ಹೇಳಿದರು?"

ಓಬಣ್ಣ ಟವೆಲು ಬಿಚ್ಚಿ ಪಟ ಮುಂದಿಟ್ಟ. ಶ್ರೀವಾಣಿ ಐದನೆಯ ಷರತ್ತು ಓದಿದರು. ಸಾಲು ಪುಟದ ಕೊನೆಗೆ ಬಂದು ನಿಂತಿತ್ತು. "ಇದು ಮುಗಿದಿಲ್ಲವಲ್ಲ. ಹಿಂದುಗಡೆ ಏನಿದೆ?"

"ಹಿಂದ ರಟ್ಟೈತಿ," ಎಂದ ಓಬಣ್ಣ.

"ಕಾಗದದ ಹಿಂದೆ ಏನಿದೆ ಎಂದು ಕೇಳಿದೆ."

ಯಾರಿಗೂ ಗೊತ್ತಿರಲಿಲ್ಲ. ಕಾಗದ ಹರಿಯಬಾರದೆಂದು ಓಬಣ್ಣನ ಅಪ್ಪ ತಂದ ವಾರದಲ್ಲೇ ಕಟ್ಟು ಹಾಕಿಸಿದ್ದ. ಅವನ ಮುಂದೆ ಅಮಲ್ದಾರರು ಓದಿ ಹೇಳಿದ್ದು ಎಷ್ಟೋ ಅಷ್ಟೇ. ಬಿಚ್ಚಲೇ ಎಂದು ಹುಲುಗೇಶ್ ಕೇಳಿದ. ಓಬಣ್ಣ ಬೇಡ ಎಂದ. ಹೇಮಾ, "ಬಿಚ್ಚ್ರಿ," ಎಂದಳು. ಹುಲುಗೇಶ್ ಕೀಲಿಕೈಯಿಂದ ಮೊಳೆ ಎಬ್ಬಿಸಿದ. ರಟ್ಟಿಗೆ ಅಂಟಿದ್ದ ಕಾಗದವನ್ನು ಶ್ರೀವಾಣಿ ಬಹಳ ಹುಷಾರಾಗಿ, ಒದ್ದೆ ಬಟ್ಟೆ ಒತ್ತಿ ಒತ್ತಿ, ಅರ್ಧ ಗಂಟೆ ಹಿಡಿದು ಬಿಡಿಸಿದರು. ಹಿಂಬದಿಯಲ್ಲಿ ಎರಡು ಸಾಲು, ಒಂದು ಮೊಹರು. ಅವರು ಜೋರಾಗಿ ಓದಿದರು. ಮೇಲ್ಕಂಡ ಷರತ್ತು ಮಂಜೂರಾದ ದಿನದಿಂದ ಹದಿನೈದು ವರ್ಷಗಳವರೆಗೆ ಮಾತ್ರ ಅನ್ವಯ.

"ತೊಂಬತ್ತನಾಲ್ಕಕ್ಕೆ ಮುಗಿಯಿತು ಓಬಣ್ಣನವರೇ. ಆಮೇಲೆ ನೀವು ಬೆಳೆಯಿರಿ, ಬಿಡಿ, ಈ ಷರತ್ತಿನ ಮೇಲೆ ಗದ್ದೆ ಕಿತ್ತುಕೊಳ್ಳಲು ಆಗುವುದಿಲ್ಲ."

ಓಬಣ್ಣ ಬೆರಳು ಮಡಿಚಿ ಲೆಕ್ಕ ಹಾಕಿದ. ಅಪ್ಪ ಕೊಡದಲ್ಲಿ ನೀರು ಹೊತ್ತದ್ದು ಅದಾದ ಎಂಟು ವರ್ಷದ ಮೇಲೆ. ಆ ಬೇಸಿಗೆ ಅಪ್ಪನ ಹೆಗಲು ಸುಲಿದು ಹೋಗಿತ್ತು. ಓಬಣ್ಣನೇ ಕೊಬ್ಬರಿ ಎಣ್ಣೆ ಹಚ್ಚಿದ್ದ. ಅವನಿಗೆ ಅಲ್ಲಿ ಕೂತಿರಲು ಆಗಲಿಲ್ಲ, ಎದ್ದು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ.

ಶ್ರೀವಾಣಿ ಒಳಗಿದ್ದ ಇಬ್ಬರಿಗೆ ಹೇಳಬೇಕಾದ್ದು ಹೇಳಿದರು. ಪಹಣಿಯಲ್ಲಿರುವುದು ನಿಜವಲ್ಲ, ಅಂಜಿಕೆಯಿಂದ ಬರೆಸಿದ್ದು ಎಂದು ಓಬಣ್ಣನವರೇ ಅಫಿಡವಿಟ್ ಕೊಡಬೇಕು. ಕೊಡದಿದ್ದರೆ ಕೇಸಿನಲ್ಲಿ ಏನೂ ಉಳಿಯುವುದಿಲ್ಲ. ಕೊಟ್ಟರೂ ಹಳೆಯ ವರ್ಷಗಳದು ಕಷ್ಟ.

ಮನೆಗೆ ಬಂದು ಹೇಳಿದಾಗ ಹಂಪಕ್ಕ ಗಂಡನಿಗೆ ಏನೂ ಅನ್ನಲಿಲ್ಲ. ಸೊಸೆಯ ಕಡೆ ತಿರುಗಿದಳು.

"ವಕೀಲರ ಮುಂದ ನೀನs ಹೇಳಿದಿ?"

"ಹೇಳದಿದ್ರ ಹೆಂಗ ಅತ್ತಿ? ಅವರು ನಮ್ಮ ವಕೀಲರು."

"ನಮ್ಮಾವ ಸುಳ್ಳು ಬರಿಸ್ಯಾನ ಅಂತ ಮಂದಿ ಮುಂದ ಅಂದಿ. ನಲವತ್ತು ವರ್ಷ ಗ್ವಾಡಿ ಮ್ಯಾಲಿದ್ದ ಪಟ ಬಿಚ್ಚಿಸಿದಿ. ಇನ್ನೇನ್ ಉಳೀತು?"

"ಬಿಚ್ಚಿದ್ದಕ್ಕ ಖರೇ ಗೊತ್ತಾತು."

"ಕಾಗದದ ಮ್ಯಾಲ ಬರದದ್ದು ಬ್ಯಾರೆ, ಅವರು ಮಾಡೋದು ಬ್ಯಾರೆ. ನಾಳಿ 'ನೀನs ಬೀಳು ಅಂತ ಬರಕೊಟ್ಟಿಯಲ್ಲ' ಅಂತ ಬಂದ್ರ ನೀ ಅಡ್ಡ ನಿಲ್ತೀ? ಹೊರಗಿಂದ ಬಂದಾಕಿಗೆ ಏನ್ ಹೋಗೋದೈತಿ!"

ಹೇಮಾ ಮಾವನನ್ನು ನೋಡಿದಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬರಿದಾದ ಕಟ್ಟನ್ನು ಮತ್ತೆ ಮೊಳೆಗೆ ತೂಗುಹಾಕುವುದರಲ್ಲಿದ್ದ.

ಮರುದಿನ ಬೆಳಿಗ್ಗೆ ಹೇಮಾ ನಾಲ್ಕು ಸೀರೆ ಚೀಲಕ್ಕೆ ತುರುಕಿ ಕುರುಗೋಡಿನ ದಾರಿ ಹಿಡಿದಳು. ಅಂಗಡಿಗೆ ಜ್ವರ ಎಂದು ಹೇಳಿದಳು. ಅತ್ತೆಗೆ ಏನೂ ಹೇಳಲಿಲ್ಲ.

ಹತ್ತು ದಿನ ಆ ಮನೆಯಲ್ಲಿ ಅಡುಗೆ ಸರಿಹೋಗಲಿಲ್ಲ. ಹಂಪಕ್ಕ ನಾಟಿಯ ಗುಂಪಿನೊಂದಿಗೆ ಕಳೆ ತೆಗೆಯಲು ಹೋಗಿ ಸಂಜೆ ಬರುತ್ತಿದ್ದಳು. ಓಬಣ್ಣ ಬೆಳಗಿನ ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದ. ಹುಲುಗೇಶ್ ನಿಲ್ದಾಣದಲ್ಲಿ ಒಗ್ಗರಣಿ ಮಿರ್ಚಿ ತಿಂದು ಬಂದು ಸುಮ್ಮನೆ ಮಲಗಿಬಿಡುತ್ತಿದ್ದ. ದಸರೆಗೆ ಹೋಳಿಗೆ ಮಾಡುವವರಿರಲಿಲ್ಲ. ತನಿಖೆಯ ನೋಟಿಸು ಬಂತು, ದೀಪಾವಳಿಗೆ ಐದು ದಿನ ಮುಂಚೆ ಬರುತ್ತೇವೆ ಎಂದು. ಅದನ್ನು ಓದಿ ಹೇಳುವವಳೂ ಇರಲಿಲ್ಲ, ಹುಲುಗೇಶನೇ ಎಡವುತ್ತ ಓದಿದ.

"ಹೋಗಿ ಕರ್ಕಂಬಾ," ಎಂದಳು ಹಂಪಕ್ಕ ಮಗನಿಗೆ.

"ಕಳಿಸಿದಾಕಿ ನೀನು. ನಾ ಯಾಕ ಹೋಗ್ಲಿ?"

"ನಾ ಹೋಗಂತ ಅಂದಿಲ್ಲ."

"ಇರು ಅಂತನೂ ಅನ್ಲಿಲ್ಲ."

ಓಬಣ್ಣ ಎದ್ದು ಅಂಗಿ ಹಾಕಿಕೊಂಡ.

ಕುರುಗೋಡಿನಲ್ಲಿ ಬಸ್ಸಿಳಿದು ಎರಡು ಸೇರು ಮಂಡಕ್ಕಿ, ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡ. ಬೀಗತಿ ಉಚ್ಚೆಂಗೆಮ್ಮ ಅವನನ್ನು ಕಂಡು ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬರ್ರಿ ಬೀಗ್ರ. ಸೊಸಿ ನೆನಪಾತೋ, ಪಹಣಿ ನೆನಪಾತೋ?"

"ಎರಡೂ," ಎಂದ ಓಬಣ್ಣ. ಉಚ್ಚೆಂಗೆಮ್ಮನಿಗೆ ನಗು ಬಂತು, ಒಳಗೆ ಬಿಟ್ಟಳು.

ಹೇಮಾ ಚಹಾ ತಂದಿಟ್ಟು ಗೋಡೆಗೆ ಒರಗಿ ನಿಂತಳು. ಓಬಣ್ಣ ಲೋಟ ಮುಟ್ಟಲಿಲ್ಲ.

"ಅವತ್ತ ನಿಮ್ಮತ್ತಿ ಅಂದಾಗ ನಾ ಮಾತಾಡಬೇಕಿತ್ತು. ಆಡ್ಲಿಲ್ಲ. ತಪ್ಪು ನನ್ನದs. ನಾಚಿಕಿ ಆಗಿತ್ತವ್ವಾ. ಅಪ್ಪ ಸಾಯೋ ಮಟ ಅಂಜಿದ, ನಾ ಈಗಿನ ಮಟ ಅಂಜಿದೆ. ಹಿಂದ ಎರಡು ಸಾಲಿತ್ತು. ಅಷ್ಟs."

"ನಿಮ್ಮನ್ನ ಸಣ್ಣ ಮಾಡಾಕ ಹೇಳಿಲ್ಲ ಮಾವ."

"ಗೊತ್ತು. ಆ ಅಫಿಡವಿಟ್ ಐತಲ್ಲ, ಅದನ್ನ ನೀ ಬರೀಬೇಕು. ನಾ ಹೇಳ್ತೀನಿ, ನೀ ನಾ ಹೇಳಿದಂಗ ಬರಿ. ವಕೀಲರು ಬರದ್ರ ಅದು ನನ್ನ ಮಾತಲ್ಲ."

"ಅತ್ತಿ ಒಪ್ಯಾರ?"

"ಇಲ್ಲ," ಎಂದ ಓಬಣ್ಣ. "ನಡಿ, ಬಸ್ಸಿಗೆ ಹೊತ್ತಾತು."

ಹೇಮಾ ಬಂದಳು. ಅತ್ತೆ, "ಬಂದಿ?" ಎಂದಳು, ಸೊಸೆ, "ಹೂಂ," ಎಂದಳು. ಅಷ್ಟರಲ್ಲಿ ಹಂಪಕ್ಕ ನೆರೆಮನೆಯವರು ಕೊಟ್ಟಿದ್ದ, ಎರಡು ದಿನದಿಂದ ಎತ್ತಿಟ್ಟಿದ್ದ ಶೇಂಗಾ ಹೋಳಿಗೆಯನ್ನು ತಟ್ಟೆಗೆ ಹಾಕಿ ಅವಳ ಮುಂದೆ ತಳ್ಳಿದಳು. ಜಗಳ ಮುಗಿಯಿತು ಎಂದುಕೊಂಡ ಹುಲುಗೇಶ್. ಮುಗಿದಿರಲಿಲ್ಲ.

ತನಿಖೆಯ ಹಿಂದಿನ ದಿನ ಮಧ್ಯಾಹ್ನ ಅವನು ಕುಡುಗೋಲು ಹಿಡಿದು ಗದ್ದೆಗೆ ಹೊರಟ. "ನಾಳಿ ಅವರು ರಸ್ತಿ ಮ್ಯಾಲ ನಿಂತು ನೋಡ್ತಾರ. ಮೊದಲು ಕಾಣೋದs ಆ ಮಡಿ. ಕಿತ್ತು ಒಗದ್ರ ಬರೇ ನೀರು ಕಾಣ್ತತಿ."

ಹಂಪಕ್ಕ ಅವನಿಗಿಂತ ಮುಂದೆ ಹೋಗಿ ಬದುವಿನ ಮೇಲೆ ನಿಂತಳು. "ಹಾಲು ತುಂಬೇತಿ ತೆನಿ. ಮುಟ್ಟಿದ್ರ ನೋಡು."

"ಯವ್ವಾ, ಅರ್ಧ ಚೀಲ ನೆಲ್ಲಿಗೆ ಎರಡೆಕರೆ ಹೋಗ್ತತಿ!"

"ಎರಡೆಕರೆ ಆಗಲೇ ಹೋಗೇತಿ. ಇದೊಂದs ಐತಿ. ನನ್ನ ಕೈಲೆ ಹಚ್ಚಿದ್ದು."

ಹಿಂದೆ ಬಂದ ಓಬಣ್ಣ ಮಗನ ಕೈಯಿಂದ ಕುಡುಗೋಲು ತೆಗೆದುಕೊಂಡ. "ಇರಲಿ ಬಿಡು. ಇದ್ದದ್ದು ಇದ್ದಂಗ ನೋಡ್ಲಿ. ನಾಕು ವರ್ಷ ಇಲ್ಲದ್ದು ತೋರಿಸಿದ್ದು ಸಾಕು, ಈಗ ಇದ್ದದ್ದು ಮುಚ್ಚೋದು ಬ್ಯಾಡ."

ಮರುದಿನ ಹತ್ತೂವರೆಗೆ ಎರಡು ಜೀಪು ಬಂದವು. ಇಲಾಖೆಯ ಇಂಜಿನಿಯರ್, ಕಂದಾಯದ ಒಬ್ಬರು, ಭೂಮಾಪಕ. ಶ್ರೀವಾಣಿ ಕಾರಿನಲ್ಲಿ ಬಂದು ನೆರಳಿಗೆ ನಿಂತರು. ಹುಲುಗೇಶ್ ಹೇಳಿದಂತೆಯೇ ಆಯಿತು. ಇಂಜಿನಿಯರ್ ರಸ್ತೆಯಂಚಿನಲ್ಲಿ ನಿಂತು ಕೆಳಗೆ ನೋಡಿ, "ಬೆಳೆ ಚೆನ್ನಾಗೇ ಇದೆಯಲ್ಲ!" ಎಂದು ಪೆನ್ನು ತೆರೆದ.

"ಸಾಹೇಬ್ರ, ಬರೀಬ್ಯಾಡ್ರಿ, ತಡೀರಿ," ಎಂದ ಓಬಣ್ಣ. ಪಂಚೆ ಎತ್ತಿ ಕಟ್ಟಿದ. ಭೂಮಾಪಕನ ಟೇಪಿನ ತುದಿ ಹಿಡಿದು ಮಡಿಗೆ ಇಳಿದ. "ಅಳೀರಿ. ಉದ್ದ ಮೂವತ್ತಡಿ. ಅಗಲ ಹದಿನೆಂಟು. ಬರಕೊಂಡ್ರಿ?"

ಭೂಮಾಪಕ ಬರೆದುಕೊಂಡ.

"ಈಗ ಬಾಕಿದು ಬರಕೋರಿ," ಎಂದು ಟೇಪಿನ ತುದಿ ಹಿಡಿದೇ ಬದು ದಾಟಿ ನೀರಿಗೆ ಇಳಿದ. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಆಪು ಸರಿಸುತ್ತ ನಡೆದ. ಕೊಕ್ಕರೆಗಳು ಎದ್ದವು. ಟೇಪು ಮುಗಿದು ಎಳೆಯಿತು, ಅಲ್ಲಿ ನಿಂತ. ನೀರು ಎದೆಗಿತ್ತು. ಅರವತ್ತಮೂರು ವರ್ಷದ ಮನುಷ್ಯ. ಹೇಮಾ ದಂಡೆಗೆ ಓಡಿದಳು. ಹಂಪಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು, ಹಿಡಿದ ಕೈ ಬಿಡಲಿಲ್ಲ.

ಓಬಣ್ಣ ಅಲ್ಲಿಂದಲೇ ಕೂಗಿ ಹೇಳಿದ. "ಪಹಣ್ಯಾಗ ನೆಲ್ಲು ಅಂತ ಬರಿಸಿದವ ನಾನು. ಹನುಮೇಶನ ತಪ್ಪಿಲ್ಲ, ಅವಗ ನಾ ತೋರಿಸಿದ್ದು ಅದೊಂದು ಮಡಿ. ಗದ್ದಿ ಕಸಗೋತೀರಿ ಅಂತ ಅಂಜಿ ಬರಿಸಿದೆ. ನಾಕು ವರ್ಷ ಆತು, ಇಲ್ಲಿ ಒಂದು ಕಾಳು ಬೆಳದಿಲ್ಲ. ಬೀಳು ಐತಿ. ಬೀಳು ಅಂತ ಬರೀರಿ!"

ರಸ್ತೆಯ ಮೇಲೆ ಹೋಗುತ್ತಿದ್ದ ಟ್ರ್ಯಾಕ್ಟರಿನವರೂ ನಿಂತು ನೋಡಿದರು. ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎಂಬುದು ಹಂಪಕ್ಕನಿಗೆ ಗೊತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಜಿನಿಯರ್ ಬರೆದುಕೊಂಡ. ಹೇಮಾ ಮಾವನ ಮಾತಿನಲ್ಲೇ ಬರೆದಿದ್ದ ಅಫಿಡವಿಟ್ಟನ್ನು ಶ್ರೀವಾಣಿ ಇಂಜಿನಿಯರ್ ಕೈಗೆ ಕೊಟ್ಟರು.

ಸಂಕ್ರಾಂತಿಯ ಮರುವಾರ ಆದೇಶ ಬಂತು. ಜಮೀನು ರಸ್ತೆ ಕಾಮಗಾರಿಯಿಂದ ಶಾಶ್ವತವಾಗಿ ಜಲಾವೃತವಾಗಿದೆ; ಸ್ವಾಧೀನಪಡಿಸಿಕೊಂಡು ಬೆಲೆ ಕೊಡತಕ್ಕದ್ದು. ಹಿಂದಿನ ವರ್ಷಗಳ ಬೆಳೆನಷ್ಟ, ದಾಖಲೆಗಳಲ್ಲಿ ಬೆಳೆ ಇದ್ದುದರಿಂದ, ತಿರಸ್ಕರಿಸಲಾಗಿದೆ. ಗೆದ್ದೆವು ಎಂದು ಶ್ರೀವಾಣಿ ಫೋನಿನಲ್ಲಿ ಹೇಳಿದರು. ಹುಲುಗೇಶ್ ಗಿರಣಿಯಲ್ಲಿ ಪೇಡೆ ಹಂಚಿದ. ಹೇಮಾ ಅಂಗಡಿಯಲ್ಲಿ ಈ ವರ್ಷದ ಪಹಣಿ ತೆಗೆದು ತಂದಳು. ಬೆಳೆಯ ಅಂಕಣದಲ್ಲಿ 'ಬೆಳೆ ಇಲ್ಲ' ಎಂದಿತ್ತು. ಓಬಣ್ಣ ಅವಳಿಂದ ಎರಡು ಸಲ ಓದಿಸಿಕೊಂಡ. ಅಪ್ಪ ಜೀವಮಾನವೆಲ್ಲ ಯಾವುದು ಬರಬಾರದೆಂದು ಕೊಡ ಹೊತ್ತಿದ್ದನೋ ಅದನ್ನೇ ಬರೆಸಿಕೊಳ್ಳಲು ಅವನು ಬಳ್ಳಾರಿಗೆ ಹನ್ನೊಂದು ಸಲ ಹೋಗಿ ಬಂದಿದ್ದ.

ಆ ಭಾನುವಾರ ಹಂಪಕ್ಕ ಅಟ್ಟದಿಂದ ಗಡಿಗೆ ಇಳಿಸಿ, ಡಿಸೆಂಬರಿನಲ್ಲಿ ಕೊಯ್ದ ಭತ್ತವನ್ನು ಚೀಲಕ್ಕೆ ಸುರಿದು ಮಗನ ಮುಂದೆ ಇಟ್ಟಳು.

"ಅಕ್ಕಿ ಮಾಡಿಸ್ಕೊಂಬಾ."

"ಇದು ಬೀಜದ ನೆಲ್ಲಲ್ಲೇನು?"

"ಹೂಂ."

ಅವನ ಗಿರಣಿಯ ದೊಡ್ಡ ಮಿಷನ್ನಿಗೆ ಅರ್ಧ ಚೀಲ ಹಲ್ಲಿಗೂ ಸಾಲದು. ಹುಲುಗೇಶ್ ಸೈಕಲ್ಲಿನ ಮೇಲೆ ಚೀಲ ಹಾಕಿಕೊಂಡು ಹಿಟ್ಟಿನ ಗಿರಣಿಗೆ ಹೋಗಿ ಮಾಡಿಸಿ ತಂದ. ಹೇಮಾ ಕೇರಿ ಕಲ್ಲು ಆರಿಸಿದಳು. ಹಂಪಕ್ಕ ಬೇಯಿಸಿದಳು. ಹೊಸ ಅಕ್ಕಿಯ ವಾಸನೆ ಎರಡೂ ಕೋಣೆ ತುಂಬಿತು.

ಮಧ್ಯಾಹ್ನ ನಾಲ್ವರೂ ಒಟ್ಟಿಗೆ ಕೂತರು. ಬದನೆಕಾಯಿ ಪಲ್ಯ, ಬೇಳೆ ಸಾರು.

"ಬೀಜಕ್ಕ ಒಂದೀಟು ತೆಗದಿಟ್ರಿ ಅತ್ತಿ?" ಎಂದು ಹೇಮಾ ಕೇಳಿದಳು.

"ಎಲ್ಲಿ ಹಚ್ಚಾಕ?" ಎಂದಳು ಹಂಪಕ್ಕ.

ಓಬಣ್ಣ ಮೊದಲ ತುತ್ತನ್ನು ಸಾರಿಲ್ಲದೆ, ಬರಿ ಅನ್ನವನ್ನೇ ಬಾಯಿಗಿಟ್ಟು ನಿಧಾನ ಅಗಿದ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ನಾಕು ವರ್ಷ ಸರ್ಕಾರಕ್ಕ ತೋರಸಾಕ ಬೆಳದ್ವಿ," ಎಂದ. "ಇಷ್ಟು ರುಚಿ ಐತಿ ಅಂತ ಗೊತ್ತಿರ್ಲಿಲ್ಲ."

ಇನ್ನಷ್ಟು ಹಾಕೆಂದು ತಟ್ಟೆ ಮುಂದೆ ಚಾಚಿದ. ಹಂಪಕ್ಕ ಪಾತ್ರೆ ಬಗ್ಗಿಸಿ, ತಳದಲ್ಲಿ ಉಳಿದದ್ದನ್ನೂ ಕೆರೆದು ಅವನಿಗೆ ಹಾಕಿದಳು.